ಒಂದು ಮನೆ, ಎರಡು ಹೆಬ್ಬೆಟ್ಟು

"ನಾನು ಮೋಸಗಾರನೋ ಅಲ್ಲವೋ, ಅದನ್ನ ಪತ್ತೆ ಮಾಡಿಕೊಡಿ ಸ್ವಾಮಿ," ಎಂದರು ಮುದುಕರು, ಕುರ್ಚಿಯಲ್ಲಿ ಕೂರುವ ಮೊದಲೇ.

ಬಾಮೈದನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ಭಾವನ ಮನೆಯ ಮಹಡಿಗೆ ಬಂದು ಸೇರಿಕೊಂಡಾಗಿನಿಂದ ಅವನು ಈ ಮುಂಗೋಣೆಯಲ್ಲಿ ಬಗೆಬಗೆಯ ಜನರನ್ನು ನೋಡಿದ್ದ. ಕಳೆದುಹೋದ ಒಡವೆ ಹುಡುಕಿಕೊಡಿ, ಓಡಿಹೋದ ಪಾಲುದಾರನನ್ನು ಹಿಡಿದುಕೊಡಿ ಎನ್ನುವವರೇ ಎಲ್ಲ. ತನ್ನನ್ನು ತಾನೇ ಪತ್ತೆ ಮಾಡಿಸಿಕೊಳ್ಳಲು ಬಂದವರು ಇವರೇ ಮೊದಲು.

ಇಡೀ ಬೀದಿ ಅವನನ್ನು ಬಾಮೈದ ಎಂದೇ ಕರೆಯುತ್ತಿತ್ತು, ಹಾಲು ಹಾಕುವವನೂ ಸೇರಿದಂತೆ. ಭಾವ ಹೆಸರುವಾಸಿ ಪತ್ತೇದಾರ. ಅವನ ನೆರಳಲ್ಲಿ ಇರುವವನಿಗೆ ಬೇರೆ ಹೆಸರಿನ ಅಗತ್ಯ ಯಾರಿಗೂ ಕಂಡಿರಲಿಲ್ಲ. ಕೋರ್ಟಿನಲ್ಲಿ ಅವನು ಜೂನಿಯರ್ ವಕೀಲ. ಸೀನಿಯರ್ ಬಾರದ ದಿನ ಎದ್ದು ನಿಂತು ವಾಯಿದೆ ಕೇಳುವುದು ಅವನ ಮುಖ್ಯ ಕಸುಬು, ಅದನ್ನು ಬಲು ಚೆನ್ನಾಗಿಯೇ ಮಾಡುತ್ತಿದ್ದ.

"ಕೂತ್ಕೊಳ್ಳಿ ತಾತ. ನಿಧಾನಕ್ಕೆ ಹೇಳಿ," ಎಂದ ಭಾವ.

ಮುದುಕರು ಕುರ್ಚಿಯ ಕೈ ಹಿಡಿಯಲು ಹೋಗಿ ಗಾಳಿಯನ್ನು ಹಿಡಿದರು. ಎರಡನೇ ಸಲಕ್ಕೆ ಸಿಕ್ಕಿತು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೂದಲು ನರೆಯುವವರೆಗೂ ದುಡಿದು ನಿವೃತ್ತರಾದ ಟೈಲರ್ ಅವರು. ಹೆಂಡತಿ ಹೋದಮೇಲೆ ಮಗಳು ಅಳಿಯ ಬಂದು ಅವರ ಮನೆಯಲ್ಲೇ ಇದ್ದಾರೆ. ಮಗಳಿಗೆ ಸ್ವಂತ ಹೊಲಿಗೆ ಅಂಗಡಿ ಇಟ್ಟುಕೊಡಬೇಕೆಂದು ಮನೆ ಮಾರಲು ಹೊರಟರು. ದಲ್ಲಾಳಿಯೊಬ್ಬ ಒಬ್ಬ ನರ್ಸನ್ನು ಕರೆತಂದ. ವ್ಯಾಪಾರ ಕುದುರಿತು, ಪತ್ರ ನೋಂದಣಿಯಾಯಿತು, ಬಂದ ಹಣವನ್ನು ಮಗಳ ಹೆಸರಿಗೇ ಹಾಕಿದರು. ಬೇರೆ ಮನೆ ಸಿಗುವ ತನಕ ಇಲ್ಲೇ ಇರಿ ಎಂದು ನರ್ಸ್ ಒಪ್ಪಿದ್ದಳು. ಇಲ್ಲಿಯವರೆಗೆ ಎಲ್ಲ ಸರಿ.

"ಆಮೇಲೊಂದು ದಿನ ಒಬ್ಬ ಬೇಕರಿಯಮ್ಮ ಬಾಗಿಲಿಗೆ ಬಂದು, ಮನೆ ಖಾಲಿ ಮಾಡಿ, ಇದು ನಂದು, ನೀವೇ ಮಾರಿದೀರ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು. ನಾನು ನಕ್ಕುಬಿಟ್ಟೆ. ಪತ್ರ ತೋರಿಸಿದ್ರು, ಪಕ್ಕದ ಮನೆಯವರು ಓದಿ ಹೇಳಿದ್ರು. ಅದರಲ್ಲಿ ನನ್ನ ಫೋಟೋ. ನನ್ನ ಸಹಿ. ನನ್ನ ಹೆಬ್ಬೆಟ್ಟು."

"ನಕಲಿ ಇರಬಹುದು," ಎಂದ ಬಾಮೈದ.

"ಪೊಲೀಸರು ಪರೀಕ್ಷೆ ಮಾಡಿಸಿದ್ರಪ್ಪ. ನಂದೇ." ಮುದುಕರು ಹೆಬ್ಬೆಟ್ಟು ಎತ್ತಿ ತೋರಿಸಿದರು. "ನನಗೆ ಇತ್ತೀಚೆಗೆ ಮರೆವು. ಮನೇಲೆಲ್ಲ ಹೇಳ್ತಾರೆ. ಹಾಗಿದ್ಮೇಲೆ ನಾನೇ ಮಾರಿರಬೇಕಲ್ವಾ? ಸೋಮವಾರ ಕೋರ್ಟಲ್ಲಿ ತಪ್ಪು ಒಪ್ಪಿಕೊಂಡುಬಿಡಿ, ಶಿಕ್ಷೆ ಕಡಿಮೆಯಾಗುತ್ತೆ ಅಂತ ಎಲ್ಲರೂ ಅಂತಿದಾರೆ. ಒಪ್ಕೋತೀನಿ. ಜೈಲಿಗೆ ಹೋಗೋಕೆ ಹೆದರಿಕೆ ಇಲ್ಲ. ಆದರೆ ಜೀವನದಲ್ಲಿ ಒಬ್ಬರ ಬಟ್ಟೆಯಲ್ಲಿ ಒಂದು ಗೇಣು ಕದ್ದವನಲ್ಲ ನಾನು. ನನಗೇ ಗೊತ್ತಿಲ್ಲದ ಹಾಗೆ ನಾನು ಕಳ್ಳ ಆಗಿದ್ದೀನಾ? ಅದು ಗೊತ್ತಾಗಬೇಕು ಅಷ್ಟೇ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಮೈದ ನೀರಿನ ಲೋಟ ಹಿಡಿದು ಅವರ ಮುಂದೆ ಬಾಗಿದ. ಅವರು ಲೋಟ ನೋಡಲಿಲ್ಲ, ಅವನ ಎದೆ ನೋಡಿದರು.

"ಈ ಗುಂಡಿ ಹೊಲಿದಿದ್ದು ಯಾರಪ್ಪ? ಉಳಿದದ್ದಕ್ಕೆಲ್ಲ ಕಪ್ಪು ದಾರ, ಇದಕ್ಕೆ ಕಡುನೀಲಿ."

"ಆವಾಗ ಕರೆಂಟು ಹೋಗಿತ್ತು!" ಎಂದು ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು. ಬಾಮೈದ ತನ್ನ ಅಂಗಿಯನ್ನು ತಾನೇ ನೋಡಿಕೊಂಡ. ಅವನಿಗೆ ಎರಡೂ ದಾರ ಒಂದೇ ಬಣ್ಣವಾಗಿ ಕಂಡವು.

ಭಾವ ಮುದುಕರ ಕನ್ನಡಕ ಕೈಗೆತ್ತಿಕೊಂಡ. "ಸ್ಕ್ರೂ ಸಡಿಲ ಆದಹಾಗಿದೆ, ನೋಡ್ತೀನಿ ಇರಿ. ಎಷ್ಟು ವರ್ಷದಿಂದ ಕನ್ನಡಕ ತಾತ?"

"ಹುಡುಗ ಆಗಿದ್ದಾಗಿಂದ. ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ. ಇದು ಹೊಸದು. ಹಳೇದು ಒಡೆದುಹೋಯ್ತು ಅಂತ ಮನೇಲಿ ಮಾಡಿಸಿಕೊಟ್ರು. ಇನ್ನೂ ಹೊಂದಿಕೆ ಆಗಿಲ್ಲ, ತಲೆನೋವು. ಹೊಂದಿಕೊಳ್ಳೋ ತನಕ ತೆಗೀಲೇಬಾರದಂತೆ."

ಭಾವ ಕನ್ನಡಕವನ್ನು ಮೇಜಿನ ಮೇಲಿದ್ದ ಪತ್ರಿಕೆಯ ಮೇಲೆ ಹಿಡಿದ. ಗಾಜಿನ ಅಡಿಯಲ್ಲಿ ಅಕ್ಷರಗಳು ದಪ್ಪಗೆ ಉಬ್ಬಿದವು. ಸುದ್ದಿ ಓದುವವನ ಹಾಗೆ ಸ್ವಲ್ಪ ಹೊತ್ತು ನೋಡಿ ಕನ್ನಡಕ ವಾಪಸು ಕೊಟ್ಟ. ಮಾತಿನ ಮಧ್ಯೆ ಪತ್ರಿಕೆ ಓದುವ ಭಾವನ ಈ ಚಾಳಿ ಬಾಮೈದನಿಗೆ ಎಂದೂ ಹಿಡಿಸಿರಲಿಲ್ಲ.

"ಆ ಎರಡನೇ ಪತ್ರ ಆದ ಹೊತ್ತಿನಲ್ಲಿ ಎಲ್ಲಿಗಾದರೂ ಹೋಗಿದ್ರಾ ತಾತ?"

"ಪಿಂಚಣಿ ಕಚೇರಿಗೆ ಹೋಗಿದ್ದೆ. ಬದುಕಿದೀನಿ ಅಂತ ವರ್ಷಕ್ಕೊಂದು ಸಲ ಹೇಳಿ ಬರಬೇಕಲ್ಲ. ಆಟೋ ಹತ್ತಿಸಿದ್ರು, ಪಕ್ಕದಲ್ಲಿ ಮಗಳು ಕೂತ್ಲು. ಆಟೋ ಕಂಬಿಗೆ ಟಕ್ ಟಕ್ ಅಂತ ಬಿತ್ತು, ಹೊರಟ್ವಿ. ಮಗಳು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಸಿಟ್ಟು ಬಂದಿದೆ ಅಂದ್ಕೊಂಡೆ. ಆದರೆ ಬಿಸಿ ಬನ್ನಿನ ವಾಸನೆ ಬರ್ತಿತ್ತು. ಸಿಟ್ಟಿದ್ರೂ ನನಗೆ ಅಂತ ತಂದಿದಾಳೆ ಅಂತ ಖುಷಿಯಾಯ್ತು. ಮನೆಗೆ ಬಂದ್ಮೇಲೆ ಕೊಡಲೇ ಇಲ್ಲ." ಮುದುಕರು ತಡವರಿಸಿದರು. "ಆಮೇಲೆ ಕೇಳಿದರೆ, ನಾನೆಲ್ಲಿ ಬಂದಿದ್ದೆ ಅಪ್ಪ, ಪಿಂಚಣಿಯವರು ಮನೆಗೇ ಬಂದು ಹೆಬ್ಬೆಟ್ಟು ತಗೊಂಡು ಹೋದ್ರಲ್ಲ ಅಂದ್ಲು. ಅದೂ ನೆನಪಿದೆ ನನಗೆ. ಹೋಗಿದ್ದೂ ನೆನಪಿದೆ, ಬಂದಿದ್ದೂ ನೆನಪಿದೆ. ನೋಡಿ, ನನ್ನ ತಲೆ ಹೀಗಾಗಿದೆ."

ಅವರ ಅಳಿಯ ಅವರನ್ನು ಕರೆದೊಯ್ಯಲು ಬಂದ. ಬಸ್ ಕಂಡಕ್ಟರನ ಅಂಗಿ, ಮೆತ್ತನೆಯ ಮಾತು. ಮಾವನ ಚಪ್ಪಲಿಯನ್ನು ತಾನೇ ಬಾಗಿ ಜೋಡಿಸಿ ಕಾಲಿನ ಮುಂದಿಟ್ಟ. ಈ ಕಾಲದಲ್ಲೂ ಇಂಥ ಅಳಿಯಂದಿರು ಇದ್ದಾರಲ್ಲ ಎಂದು ಬಾಮೈದನ ಕಣ್ಣು ತುಂಬಿ ಬಂತು.

ಅಳಿಯ ಭಾವನನ್ನು ಪಕ್ಕಕ್ಕೆ ಕರೆದು ಹೇಳಿದ, "ಪಿಂಚಣಿ ಕಚೇರಿ ಕತೆ ಹೇಳಿದ್ರಾ ಸಾರ್? ಪಾಪ, ಈ ವರ್ಷ ಹೋಗೇ ಇಲ್ಲ. ದಿನಾ ಹೀಗೇ. ದಯವಿಟ್ಟು ಅವರಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ. ತಪ್ಪು ಒಪ್ಪಿಕೊಂಡರೆ ವಯಸ್ಸು ನೋಡಿ ಬಿಟ್ಟುಬಿಡ್ತಾರಂತೆ."

ಮಾವನನ್ನು ಆಟೋದ ಒಳಗೆ ಕೂರಿಸಿ, ತಾನೂ ಮುಂದೆ ಡ್ರೈವರ್ ಪಕ್ಕ ಒರಗಿ, ಕಂಬಿಗೆ ಎರಡು ಸಲ ಬೆರಳಿನ ಗೆಣ್ಣಿಂದ ತಟ್ಟಿದ. ಆಟೋ ಹೊರಟಿತು. ಬಾಮೈದ ಕೈಬೀಸಿ ಒಳಗೆ ಬಂದ.

"ಭಾವ, ಇದು ನೇರ ಕೇಸು. ಮೊದಲು ನೋಂದಣಿಯಾದದ್ದು ನರ್ಸಿಗೆ, ಹಾಗಾಗಿ ಮನೆ ನರ್ಸಿನದು. ಬೇಕರಿಯಮ್ಮನಿಗೆ ಮೋಸ ಆಗಿದೆ, ಹಾಗಾಗಿ ತಾತನಿಗೆ ಜೈಲು. ಇದರಲ್ಲಿ ಪತ್ತೆ ಮಾಡೋದು ಏನಿದೆ?"

"ನೀನು ಹೇಳಿದ್ದರಲ್ಲಿ ಒಂದು ತಪ್ಪೂ ಇಲ್ಲ," ಎಂದ ಭಾವ. "ಅದೇ ನನಗೆ ಚಿಂತೆ. ನಡಿ, ಮನೆ ನೋಡಿ ಬರೋಣ."

ಗೇಟಿನ ಹೊರಗೆ ನರ್ಸ್ ನಿಂತಿದ್ದಳು. ಕೆಲಸ ಮುಗಿಸಿ ಹೋಗುವಾಗ ದಿನವೂ ಬಂದು ಇಲ್ಲಿ ನಿಲ್ಲುತ್ತಾಳಂತೆ. ಎರಡು ಪತ್ರ ಇರುವುದು ಬಯಲಾದ ಮೇಲೆ, ಕೊಂಡವರಿಬ್ಬರೂ ಒಳಗೆ ಕಾಲಿಡಬಾರದೆಂದು ಕೋರ್ಟು ತಡೆ ಹಾಕಿತ್ತು.

"ನಮ್ಮಮ್ಮನಿಗೆ ಮಂಡಿ ನೋವು. ಈಗಿರೋ ಮನೆ ಮಹಡಿ ಮೇಲೆ. ಇಳಿದು ಬೀದಿ ನೋಡೇ ಎಷ್ಟೋ ಕಾಲ ಆಯ್ತು," ಎಂದಳು. "ತಾತನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತ ಬರ್ತೀನಿ. ಅವರು ಕಿಟಕಿಯಿಂದ ನನ್ನ ನೋಡಿ, ಮಗಳೇ ಒಳಗೆ ಬಾರಮ್ಮ, ಯಾಕೆ ಹೊರಗೆ ನಿಂತಿದೀಯ ಅಂತಾರೆ. ಪತ್ರ ಮಾಡಿಸಿದ ದಿನ ಗಂಟೆಗಟ್ಟಲೆ ಪಕ್ಕದಲ್ಲಿ ಕೂತು ಮಾತಾಡಿದ ಮನುಷ್ಯ, ಈಗ ಗುರುತೇ ಹಿಡಿಯಲ್ಲ. ಏನು ಸಿಟ್ಟು ಮಾಡ್ಕೊಳ್ಳೋದು?"

ಒಳಗೆ ಮಗಳು ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಕತ್ತಿನ ಮೂಳೆಗಳು ಎದ್ದು ಕಾಣುವಷ್ಟು ಸೊರಗಿದ್ದಳು. ಯಂತ್ರ ನಿಲ್ಲಿಸದೆಯೇ ಮಾತಾಡಿದಳು, ಮಾತಿಗೂ ಸೂಜಿಯ ಮೊನಚಿತ್ತು.

"ಮರೆವಾ? ಕೇಳಿ. ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕ್ತಾರೆ. ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿಕೊಂಡು ಬರ್ತಾರೆ. ಮೊನ್ನೆ ಗೂಟಕ್ಕೆ ನೇತುಹಾಕಿದ್ದ ಕೋಟಿಗೆ, ಯಾವಾಗ ಬಂದ್ರಿ, ಕೂತ್ಕೊಳ್ಳಿ ಅಂತ ಉಪಚಾರ ಮಾಡ್ತಿದ್ರು. ನಗೋದಾ ಅಳೋದಾ? ಬೈಯ್ತೀನಿ, ಆಮೇಲೆ ಒಬ್ಬಳೇ ಕೂತು ಅಳ್ತೀನಿ."

"ನಿಮ್ಮ ತಾಯಿ ತೀರಿಕೊಂಡ ದಿನ ಅವರಿಗೆ ನೆನಪಿದೆಯಾ?"

"ಅದೇನು ಕೇಳ್ತೀರಾ. ಅವತ್ತು ಯಾರ್ಯಾರು ಬಂದಿದ್ರು, ಯಾರು ಏನಂದ್ರು, ಎಲ್ಲಾ ಹೇಳ್ತಾರೆ."

ಭಾವ ತಲೆಯಾಡಿಸಿದ. ಬಾಮೈದನೂ ಆಡಿಸಿದ, ಯಾಕೆಂದು ಗೊತ್ತಿಲ್ಲದೆ.

"ಕನ್ನಡಕ ಯಾರು ಮಾಡಿಸಿದ್ದು?" ಎಂದು ಭಾವ ಹೊರಡುವಾಗ ಕೇಳಿದ.

"ನಮ್ಮೆಜಮಾನ್ರು. ಅವರಿಲ್ಲದಿದ್ರೆ ಈ ಮನೆ ಎಂದೋ ಮುಳುಗಿಹೋಗ್ತಿತ್ತು."

ಬೀದಿಗೆ ಬಂದ ಕೂಡಲೆ ಬಾಮೈದ ತನ್ನ ಲೆಕ್ಕಾಚಾರ ಬಿಚ್ಚಿಟ್ಟ. ಮಗಳದ್ದೇ ಕೆಲಸ. ಆಟೋದಲ್ಲಿ ಪಕ್ಕದಲ್ಲಿ ಕೂತವಳು ಅವಳು ಎಂದು ತಂದೆಯೇ ಹೇಳಿದ್ದಾರೆ, ಅವಳು ಇಲ್ಲ ಎನ್ನುತ್ತಾಳೆ. ಭಾವ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನೇರ ಬೇಕರಿಗೆ ಕರೆದೊಯ್ದ.

ಬೇಕರಿಯಮ್ಮನ ಮೊಳಕೈವರೆಗೂ ಹಿಟ್ಟು ಮೆತ್ತಿತ್ತು. ದೊಡ್ಡ ಆಕಾರ, ಆದರೆ ಗಿರಾಕಿಗಳೊಂದಿಗೆ ಗುಬ್ಬಿಯಂಥ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ತನ್ನ ಕತೆಯನ್ನೂ ಅದೇ ದನಿಯಲ್ಲಿ ಹೇಳಿದಳು. ಒಬ್ಬ ದಲ್ಲಾಳಿ ಅಂಗಡಿಗೇ ಬಂದನಂತೆ. ಬಾಯಿ ಮೂಗು ಮುಚ್ಚಿ ಮಾಸ್ಕು, ಸದಾ ಕೆಮ್ಮು. ಒಂದು ದಿನ ಯಾರೂ ಇಲ್ಲದಾಗ ಮನೆ ತೋರಿಸಿದ. ಇನ್ನೊಂದು ದಿನ ಆಟೋದಲ್ಲಿ ಮೂವರೂ ನೋಂದಣಿಗೆ ಹೋದರು. ಹಣವನ್ನು ದಲ್ಲಾಳಿಯ ಕೈಗೇ ಕೊಟ್ಟಳು.

"ತಾತನನ್ನ ನೀವು ಏನೂ ಕೇಳಲಿಲ್ವಾ?"

"ಏನು ಕೇಳೋದು ಸಾರ್, ಕೇಳೋ ಹಾಗಿದ್ರೆ ತಾನೆ," ಎಂದಳು ಬೇಕರಿಯಮ್ಮ. ಒಳಗಿನಿಂದ ಯಾರೋ ಕರೆದರು, ಹೋದಳು. ಅದರ ಅರ್ಥ ಬಾಮೈದನಿಗೆ ತಿಳಿಯಲಿಲ್ಲ. ಭಾವ ಅಂಗಡಿಯ ನಡುವೆ ಕಣ್ಣು ಮುಚ್ಚಿ ನಿಂತು ಮೂಗು ಅರಳಿಸಿ ಉಸಿರೆಳೆಯುತ್ತಿದ್ದ.

"ಹಸಿವಾ ಭಾವ?"

"ಅಲ್ಲ ಕಣೋ. ಯೋಚನೆ."

ದಲ್ಲಾಳಿ ಕೆಮ್ಮುತ್ತಾನೆ ಎಂದು ಕೇಳಿದ ಮೇಲೆ ಬಾಮೈದನ ತೀರ್ಮಾನ ಮಗಳನ್ನು ಬಿಟ್ಟು ದಲ್ಲಾಳಿಯ ಕಡೆ ವಾಲಿತು. ನರ್ಸಿಗೆ ಮನೆ ಕೊಡಿಸಿದ ದಲ್ಲಾಳಿಯನ್ನು ಹುಡುಕಿ ಮಾತಾಡಿಸಿದರೆ, ಅವನೂ ಮಾತಿಗೊಮ್ಮೆ ಕೆಮ್ಮಿದ. ಸಿಗರೇಟಿನ ಕೆಮ್ಮು ಎಂದ. ಎರಡನೇ ವ್ಯಾಪಾರದ ವಾಸನೆಯೂ ತನಗೆ ಗೊತ್ತಿಲ್ಲ ಎಂದು ಆಣೆ ಮಾಡಿದ. ಆಣೆ ಮಾಡಿದ್ದರಿಂದ ಬಾಮೈದನ ಅನುಮಾನ ಗಟ್ಟಿಯಾಯಿತು. ರಾತ್ರಿ ಮಲಗಿದಾಗ ಮಾತ್ರ ಎಲ್ಲ ಕಲಸುಮೇಲೋಗರವಾಗಿ, ಮಗಳು ಮಾಸ್ಕು ಹಾಕಿಕೊಂಡು ಕೆಮ್ಮುವ ಕನಸು ಬಿತ್ತು.

ಭಾನುವಾರ ಸಂಜೆ ಭಾವನ ಮುಂಗೋಣೆಯಲ್ಲಿ ಕುರ್ಚಿ ಸಾಲದೆ ಬಾಮೈದ ಮಹಡಿಯಿಂದ ತನ್ನ ಸ್ಟೂಲನ್ನೂ ಇಳಿಸಿದ. ಟೈಲರ್ ತಾತ, ಮಗಳು, ಅಳಿಯ ಒಂದು ಕಡೆ. ನರ್ಸ್ ಕಿಟಕಿಯ ಬಳಿ. ದಲ್ಲಾಳಿ ಬಾಗಿಲ ಹತ್ತಿರ, ಬೇಕಾದರೆ ಓಡಲು ಅನುಕೂಲವಾಗುವಂತೆ. ಅಳಿಯ ಡ್ಯೂಟಿ ಇದೆ ಎಂದು ಹೊರಡುವ ಅವಸರದಲ್ಲಿದ್ದ. ಅಕ್ಕ ಕಾಫಿ ಕುಡಿದೇ ಹೋಗಬೇಕೆಂದು ಹಿಡಿದು ಕೂರಿಸಿದ್ದಳು. ಕೊನೆಗೆ ಬಂದವಳು ಬೇಕರಿಯಮ್ಮ. ನರ್ಸನ್ನು ಕಂಡು ಮೆಲ್ಲಗೆ, "ನಿಮ್ಮ ಮೇಲೆ ನನಗೆ ಕೋಪ ಇಲ್ಲಮ್ಮ," ಎಂದಳು. ಅನಂತರ ಮುದುಕರ ಕಡೆ ತಿರುಗಿ, ಅವರ ಕಿವಿಯ ಹತ್ತಿರ ಬಾಗಿ, ಕಿಟಕಿಯ ಗಾಜು ನಡುಗುವಂತೆ ಕಿರುಚಿದಳು:

"ಚೆನ್ನಾಗಿದೀರಾ ತಾತಾ?"

ಮುದುಕರು ಬೆಚ್ಚಿ ಕಾಫಿ ಚೆಲ್ಲಿಕೊಂಡರು. ದಲ್ಲಾಳಿ ಎದ್ದೇ ನಿಂತ.

"ಯಾಕಮ್ಮ ಹಾಗೆ ಕೂಗ್ತೀರ?" ಎಂದು ಮಗಳು ರೇಗಿದಳು.

"ಅವರಿಗೆ ಕಿವಿ ಕೇಳಿಸಲ್ವಲ್ಲ."

"ಯಾರು ಹೇಳಿದ್ದು? ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತೆ ಅವರಿಗೆ!"

ಬೇಕರಿಯಮ್ಮ ಕಕ್ಕಾಬಿಕ್ಕಿಯಾದಳು. "ಆ ದಲ್ಲಾಳಿ ಹೇಳಿದ್ದ. ಪೂರ್ತಿ ಕಿವುಡು, ಮಾತಾಡಿಸಿದರೆ ಗಾಬರಿ ಆಗ್ತಾರೆ, ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ಬನ್ನಿ ಅಂತ. ಅದಕ್ಕೇ ನಾನು ಆಟೋದಲ್ಲಿ ತುಟಿ ಬಿಚ್ಚಲಿಲ್ಲ."

ಭಾವ ಖಾಲಿ ಲೋಟ ಕೆಳಗಿಟ್ಟ.

"ಇದು ಮುಗಿಯೋ ತನಕ ಯಾರೂ ಏಳಬೇಡಿ. ತಾತ, ನೀವು ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಹೇಳ್ತೀನಿ. ನಿಮ್ಮ ಮರೆವಿನಿಂದಲೇ ಶುರು ಮಾಡ್ತೀನಿ. ಉಪ್ಪು ಸಕ್ಕರೆ ಅದಲುಬದಲು. ಬೇರೆಯವರ ಚಪ್ಪಲಿ. ಕೋಟಿಗೆ ಉಪಚಾರ. ನರ್ಸಮ್ಮನನ್ನ ಗೇಟಲ್ಲಿ ನೋಡಿ ಮಗಳೇ ಅಂದಿದ್ದು. ಇದರಲ್ಲಿ ಯಾವುದು ಮರೆವು? ಸಕ್ಕರೆ ಅನ್ನೋದನ್ನ ಮರೆತ್ರಾ? ಮಗಳಿದಾಳೆ ಅನ್ನೋದನ್ನ ಮರೆತ್ರಾ? ಒಂದೂ ಇಲ್ಲ. ಎಲ್ಲಾ ಕಾಣದೆ ಆದ ತಪ್ಪು. ತಲೆ ಕೆಟ್ಟಿಲ್ಲ, ಕಣ್ಣು ಕಾಣ್ತಿಲ್ಲ."

"ವಯಸ್ಸಾಯ್ತಲ್ಲ ಸಾರ್," ಎಂದ ಅಳಿಯ ಮೃದುವಾಗಿ.

"ವಯಸ್ಸಾದ ಕಣ್ಣು ಕನ್ನಡಕ ತೆಗೆದ ಕೂಡಲೆ ನಮ್ಮ ಬಾಮೈದನ ಗುಂಡಿಯಲ್ಲಿ ಕಪ್ಪು ದಾರಕ್ಕೂ ನೀಲಿ ದಾರಕ್ಕೂ ವ್ಯತ್ಯಾಸ ಕಂಡುಹಿಡೀತು. ಕನ್ನಡಕ ಹಾಕಿದ್ರೆ ಕುರ್ಚಿ ಕಾಣಲ್ಲ, ತೆಗೆದ್ರೆ ದಾರ ಕಾಣುತ್ತೆ. ಇದ್ಯಾವ ಸೀಮೆ ಕನ್ನಡಕ?" ಭಾವ ಮುದುಕರ ಮೂಗಿನ ಮೇಲಿಂದ ಅದನ್ನು ಮೆಲ್ಲಗೆ ತೆಗೆದು ಪತ್ರಿಕೆಯ ಮೇಲೆ ಹಿಡಿದ. "ಎಲ್ಲರೂ ನೋಡಿ. ಅಕ್ಷರ ದೊಡ್ಡದಾಗಿ ಕಾಣುತ್ತೆ. ದೂರದ್ದು ಕಾಣದೇ ಇರೋರಿಗೆ ಕೊಡೋ ಗಾಜಲ್ಲಿ ಅಕ್ಷರ ಚಿಕ್ಕದಾಗಬೇಕು. ಇದು ಉಲ್ಟಾ ಗಾಜು. ಇದನ್ನ ಹಾಕ್ಕೊಂಡ್ರೆ ತಾತನಿಗೆ ಎದುರಿಗಿರೋರ ಮುಖವೂ ಇಲ್ಲ, ಕೈಯಲ್ಲಿರೋ ಕಾಗದವೂ ಇಲ್ಲ. ಕಣ್ಣಿಗೆ ಮಣ್ಣೆರಚೋದು ಅಂತಾರಲ್ಲ, ಇಲ್ಲಿ ಮಣ್ಣಿನ ಬದಲು ಗಾಜು."

ಬಾಮೈದನಿಗೆ ನಾಚಿಕೆಯಾಯಿತು. ಆ ಅಕ್ಷರಗಳು ಉಬ್ಬಿದ್ದನ್ನು ಅವನೂ ನೋಡಿದ್ದ. ಭಾವ ಸುದ್ದಿ ಓದುತ್ತಿದ್ದಾನೆ ಎಂದುಕೊಂಡಿದ್ದ.

"ಈಗ ಪಿಂಚಣಿ ಕಚೇರಿ. ತಾತನಿಗೆ ಎರಡು ನೆನಪು. ಪಿಂಚಣಿಯವರು ಮನೆಗೆ ಬಂದಿದ್ದು, ತಾನು ಕಚೇರಿಗೆ ಹೋಗಿದ್ದು. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ ಅಂತ ಎಲ್ಲರೂ ಅಂದ್ರು, ಅವರೂ ನಂಬಿದ್ರು. ನಾನು ನಂಬಲಿಲ್ಲ. ಎರಡೂ ನಡೆದಿದೆ. ಅವರು ಹೋಗಿದ್ದು ಪಿಂಚಣಿ ಕಚೇರಿಗಲ್ಲ, ನೋಂದಣಿ ಕಚೇರಿಗೆ. ಅಲ್ಲೂ ಫೋಟೋ, ಸಹಿ, ಹೆಬ್ಬೆಟ್ಟು. ಇಲ್ಲೂ ಅದೇ. ಬೋರ್ಡು ಓದೋಕಾಗದವರಿಗೆ ಯಾವ ಕಚೇರಿಯಾದರೇನು? ನಿಮ್ಮ ನೆನಪು ಸರಿಯಾಗಿತ್ತು ತಾತ. ಅದರ ಮೇಲೆ ಬೇರೆಯವರು ಸುಳ್ಳು ಚೀಟಿ ಅಂಟಿಸಿದ್ರು."

"ಹಾಗಾದ್ರೆ ಪಕ್ಕದಲ್ಲಿ ಕೂತಿದ್ದು..." ಮುದುಕರು ಮಗಳ ಕಡೆಗೂ ಬೇಕರಿಯಮ್ಮನ ಕಡೆಗೂ ಮುಖ ತಿರುಗಿಸಿದರು.

"ಮಾತಾಡದ ಹೆಂಗಸು. ಬಿಸಿ ಬನ್ನಿನ ವಾಸನೆ," ಎಂದ ಭಾವ. "ನಿಮ್ಮ ಮಗಳ ಮೈಗೆ ಯಂತ್ರದ ಎಣ್ಣೆ ವಾಸನೆ ಇರುತ್ತೆ, ಬನ್ನಿನದಲ್ಲ. ನಾನು ಬೇಕರಿಗೆ ಹೋಗಿ ಮೂಸಿ ನೋಡಿ ಬಂದೆ, ಬಾಮೈದ ನನಗೆ ಹಸಿವು ಅಂದ್ಕೊಂಡ."

ಬೇಕರಿಯಮ್ಮ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು ನೋಡಿದಳು. "ಅಯ್ಯೋ ದೇವರೇ," ಎಂದಳು, ಈ ಸಲ ಸಣ್ಣ ದನಿಯಲ್ಲಿ.

"ಕನ್ನಡಕ ಬದಲಾಗಿದ್ದು ಮನೆಯೊಳಗೆ. ಹಾಗಾಗಿ ದಲ್ಲಾಳಿಗಳೇ, ನೀವು ಧೈರ್ಯವಾಗಿ ಕೆಮ್ಮಿ. ಆ ಮಾಸ್ಕಿನ ಮನುಷ್ಯ ಕೆಮ್ಮಿದ್ದು ನಿಮ್ಮ ತಲೆಗೆ ಕಟ್ಟೋಕೆ. ತಾತನ ಎದುರಿಗೆ ಮಾತ್ರ ಅವನು ಬಾಯೇ ಬಿಡಲಿಲ್ಲ, ದನಿ ಗುರುತು ಸಿಗುತ್ತೆ ಅಂತ. ಹಾಗಾದರೆ ಮನೆಯವರು ಯಾರು? ಮಗಳಾಗಿದ್ರೆ ಪಕ್ಕದಲ್ಲಿ ಇನ್ನೊಬ್ಬಳನ್ನ ಮಗಳು ಅಂತ ಕೂರಿಸೋ ಅಗತ್ಯ ಇರಲಿಲ್ಲ. ಬೇಕರಿಯಮ್ಮ, ಆಟೋ ಹೊರಡೋ ಮುಂಚೆ ಆ ಮನುಷ್ಯ ಏನಾದ್ರೂ ಮಾಡಿದ್ನಾ?"

ಬೇಕರಿಯಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಕೈಮುಷ್ಟಿ ಮಡಿಸಿ, ಗೆಣ್ಣಿನಿಂದ ಮೇಜಿನ ಮೇಲೆ ತಟ್ಟಿದಳು. ಟಕ್ ಟಕ್.

"ಅದೇ," ಎಂದರು ಮುದುಕರು ಕಣ್ಣು ಮುಚ್ಚಿಕೊಂಡು. "ಅದೇ ಸದ್ದು."

ಬಾಮೈದ ಸ್ಟೂಲಿನಿಂದ ಹಾರಿ ಎದ್ದ. ಅವನ ಜೀವಮಾನದಲ್ಲಿ ಇಷ್ಟು ಸ್ಪಷ್ಟವಾಗಿ ಅವನಿಗೆ ಯಾವುದೂ ಕಂಡಿರಲಿಲ್ಲ. "ನಾನು ನೋಡಿದೀನಿ! ನಮ್ಮ ಮನೆ ಮುಂದೇನೇ! ಆಟೋದಲ್ಲಿ ಮಾವನನ್ನ ಕೂರಿಸಿ ಕಂಬಿಗೆ..." ಎಂದವನು ಅಳಿಯನ ಮುಖ ನೋಡಿ ಅಲ್ಲೇ ನಿಂತುಬಿಟ್ಟ.

"ಆಟೋ ಹೊರಡಿಸೋಕೆ ಲೋಕದಲ್ಲಿ ಯಾರೂ ಕಂಬಿ ತಟ್ಟಲ್ಲ," ಎಂದ ಭಾವ. "ಬಾಯಲ್ಲಿ ಹೇಳಿದ್ರೆ ಸಾಕು. ದಿನವಿಡೀ ಬಸ್ಸು ತಟ್ಟಿ ಅಭ್ಯಾಸ ಆದವನ ಕೈ ಮಾತ್ರ ತಾನಾಗಿ ಹೋಗುತ್ತೆ. ಮುಖಕ್ಕೆ ಮಾಸ್ಕು ಹಾಕಿದ, ದನಿಗೆ ಕೆಮ್ಮು ಹಾಕಿದ, ಬೆರಳಿಗೆ ಏನೂ ಹಾಕೋಕಾಗಲಿಲ್ಲ."

"ತಟ್ಟೋರು ನಾನೊಬ್ಬನೇನಾ?" ಅಳಿಯನ ದನಿ ಮೊದಲ ಸಲ ಗಡುಸಾಯಿತು. "ಊರಲ್ಲಿ ಎಷ್ಟು ಜನ ಕಂಡಕ್ಟರುಗಳಿಲ್ಲ?"

"ನನ್ನನ್ನ ಮನೆಯೊಳಗಿಂದ ಹೊರಡಿಸಿದ್ದು ನೀವೇ," ಎಂದರು ಮುದುಕರು ನಿಧಾನವಾಗಿ. "ಪಿಂಚಣಿ ಕಚೇರಿಗೆ ಹೋಗಿ ಬನ್ನಿ ಮಾವ, ನಿಮ್ಮ ಮಗಳು ಸಿಟ್ಟಲ್ಲಿದಾಳೆ, ಮಾತಾಡಿಸಬೇಡಿ ಅಂದ್ರಿ. ನಾನು ಹೋಗೇ ಇಲ್ಲ ಅಂತ ನೀವೇ ಆಮೇಲೆ ಹೇಳಿದ್ರಿ. ನೀವು ಹೇಳಿದ್ರಿ ಅಂತ ನಾನು ನನ್ನ ಮಾತನ್ನೇ ನಂಬಲಿಲ್ಲ."

ಮಗಳು ಗಂಡನನ್ನೇ ನೋಡುತ್ತಿದ್ದಳು. "ಮನೆ ಬಾಗಿಲು ಹಾಕುವಾಗಲೂ ತಟ್ತೀರ ನೀವು," ಎಂದಳು. "ದೀಪ ಆರಿಸುವಾಗಲೂ ಗೋಡೆಗೆ ತಟ್ತೀರ. ಹಳೇ ಕನ್ನಡಕ ಎಲ್ಲಿ? ಒಡೆದ ಚೂರಾದ್ರೂ ತೋರಿಸಿದ್ರಾ ನನಗೆ?"

ಅಳಿಯ ತನ್ನ ಕೈಗಳನ್ನೇ ನೋಡಿಕೊಂಡ. ಮತ್ತೆ ಮಾತಾಡಿದಾಗ ದನಿ ಪಾತಾಳಕ್ಕೆ ಇಳಿದಿತ್ತು.

"ವರ್ಷಗಟ್ಟಲೆ ಬೇರೆಯವರ ಬಸ್ಸು ತಟ್ಟಿದೆ. ನನ್ನದೇ ಒಂದು ಬಸ್ಸು ಬೇಕು ಅನ್ನಿಸ್ತು. ಮನೆ ಮಾರಿದ ಹಣದಲ್ಲಿ ಅಳಿಯನಿಗೂ ಒಂದು ಮಾತು ಕೇಳ್ತಾರೆ ಅಂದ್ಕೊಂಡೆ. ಕೇಳಲಿಲ್ಲ. ಎಲ್ಲಾ ಅವಳ ಹೆಸರಿಗೆ ಹಾಕಿದ್ರು. ಬಸ್ಸು ತಗೊಂಡಿದೀನಿ, ಸ್ನೇಹಿತನ ಹೆಸರಲ್ಲಿ. ಮಾವನಿಗೆ ಜೈಲಾಗಲ್ಲ, ವಯಸ್ಸು ನೋಡಿ ಬಿಡ್ತಾರೆ ಅಂದ್ಕೊಂಡೆ."

"ಜೈಲು ಬಿಡಿ," ಎಂದಳು ಮಗಳು. "ತನಗೇ ಹುಚ್ಚು ಅಂತ ನಂಬಿಸಿದ್ರಲ್ಲ ಅವರನ್ನ. ನನ್ನ ಕೈಲಿ ದಿನಾ ಬೈಸಿದ್ರಲ್ಲ."

ಬಾಮೈದನಿಗೆ ಅಸಹ್ಯವೂ ಆಯಿತು, ಆ ಮನುಷ್ಯನ ಮೇಲೆ ಎಲ್ಲೋ ಒಂದು ಚೂರು ಮರುಕವೂ ಆಯಿತು. ಚಪ್ಪಲಿ ಜೋಡಿಸಿಟ್ಟ ಕೈ ಅದೇ, ಕನ್ನಡಕ ಬದಲಿಸಿದ ಕೈ ಅದೇ. ಒಬ್ಬ ಮನುಷ್ಯನಲ್ಲಿ ಇವೆರಡೂ ಹೇಗೆ ಇರುತ್ತವೆ ಎಂಬುದನ್ನು ಮಾತ್ರ ಭಾವ ವಿವರಿಸಲಿಲ್ಲ, ಅವನೂ ಕೇಳಲಿಲ್ಲ. ಭಾವ ಮೊದಲೇ ಹೇಳಿ ಕಳಿಸಿದ್ದ ಇನ್‌ಸ್ಪೆಕ್ಟರ್ ಅಡುಗೆಮನೆಯಿಂದ ಬಾಯೊರೆಸಿಕೊಂಡು ಹೊರಗೆ ಬಂದರು. ಅಷ್ಟು ಹೊತ್ತೂ ಅಕ್ಕ ಅವರಿಗೆ ತಿಂಡಿ ಬಡಿಸುತ್ತಿದ್ದಳು.

ಅಳಿಯನನ್ನು ಕರೆದೊಯ್ದ ಮೇಲೆ ಕೋಣೆ ಭಣಗುಟ್ಟಿತು. ಬಸ್ಸು ಮಾರಿಸಿ ಬೇಕರಿಯಮ್ಮನ ಹಣ ವಾಪಸು ಕೊಡಿಸುವ ದಾರಿ ಇದೆ ಎಂದು ಬಾಮೈದ ವಕೀಲನ ಗತ್ತಿನಲ್ಲಿ ಹೇಳಿದ. ಎಷ್ಟು ವಾಯಿದೆ ಆಗಬಹುದು ಎಂದು ಮಾತ್ರ ಹೇಳಲಿಲ್ಲ. ನರ್ಸ್ ಎದ್ದು ಬಂದು ಮುದುಕರ ಪಕ್ಕ ಕೂತಳು.

ಭಾವ ಡ್ರಾಯರಿನಿಂದ ಒಂದು ಕನ್ನಡಕ ತೆಗೆದ. "ಶನಿವಾರ ಬಾಮೈದ ನಿಮ್ಮನ್ನ ಗಾಳಿ ಸೇವನೆಗೆ ಅಂತ ಕರ್ಕೊಂಡು ಹೋಗಿ ಕಣ್ಣಿನ ಡಾಕ್ಟರ ಹತ್ತಿರ ಕೂರಿಸಿದ್ನಲ್ಲ ತಾತ. ಯಾಕೆ ಅಂತ ಅವನಿಗೂ ಹೇಳಿರಲಿಲ್ಲ. ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಹಾಕ್ಕೊಳ್ಳಿ."

ಮುದುಕರು ಹಾಕಿಕೊಂಡರು. ಗೋಡೆ ನೋಡಿದರು, ಬಾಗಿಲು ನೋಡಿದರು, ಗೂಟದ ಮೇಲಿನ ಬಾಮೈದನ ಕರಿ ಕೋಟು ನೋಡಿ ಅದು ಕೋಟೇ ಎಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಮಗಳ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು.

"ಯಾಕಮ್ಮಾ," ಎಂದರು, "ಇಷ್ಟು ಸೊರಗಿ ಹೋಗಿದೀಯ? ಯಾವಾಗಿಂದ?"

ಮಗಳು ಅವರ ಮಡಿಲಲ್ಲಿ ತಲೆಯಿಟ್ಟು ಗೊಳೋ ಎಂದು ಅತ್ತಳು. ಬೇಕರಿಯಮ್ಮನೂ ಅತ್ತಳು, ಜೋರಾಗಿಯೇ. ಬಾಮೈದ ನೀಲಿ ದಾರದ ಗುಂಡಿಯನ್ನು ತಿರುವುತ್ತಾ ಕಿಟಕಿಯ ಹೊರಗೆ ನೋಡಿದ.

ಸೋಮವಾರ ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ತಾತನ ವಕಾಲತ್ತು ವಹಿಸಿಕೊಂಡಿದ್ದ ಬಾಮೈದನ ಸೀನಿಯರ್ ಅಂದೂ ಬಂದಿರಲಿಲ್ಲ. ಬಾಮೈದ ಎದ್ದು ನಿಂತಾಗ ನ್ಯಾಯಾಧೀಶರು ಅಭ್ಯಾಸಬಲದಿಂದ, "ವಾಯಿದೆ ತಾನೆ?" ಎಂದರು.

"ಇಲ್ಲ ಸ್ವಾಮಿ," ಎಂದ ಬಾಮೈದ. "ಇವತ್ತು ಬೇಡ. ನಮ್ಮ ಕಕ್ಷಿದಾರರು ಮಾತಾಡ್ತಾರೆ."

ಟೈಲರ್ ತಾತ ಕಟಕಟೆಗೆ ಬಂದರು. ಯಾರ ಕೈಯನ್ನೂ ಹಿಡಿಯಲಿಲ್ಲ, ಮೆಟ್ಟಿಲು ನೋಡಿಕೊಂಡು ತಾವೇ ಹತ್ತಿದರು. ಒಂದೇ ಮನೆಯನ್ನು ಗೊತ್ತಿದ್ದೂ ಎರಡು ಸಲ ಮಾರಿದ ಆರೋಪ ನಿಮ್ಮ ಮೇಲಿದೆ, ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು.

ಮುದುಕರು ಕನ್ನಡಕವನ್ನು ಸರಿಮಾಡಿಕೊಂಡು ನ್ಯಾಯಾಧೀಶರ ಮುಖವನ್ನೇ ನೇರವಾಗಿ ನೋಡಿದರು.

"ಇಲ್ಲ ಸ್ವಾಮಿ. ನಾನು ಒಂದೇ ಸಲ ಮಾರಿದ್ದು," ಎಂದರು. "ನನಗೆ ಚೆನ್ನಾಗಿ ನೆನಪಿದೆ."